ಚಿತ್ರಾನ್ನದ ಡಬ್ಬಿಯ ಚೀಟಿಗಳು

ಮೈಕು ಕೈಕೊಡಬಹುದು. ಕರೆಂಟು ಹೋಗಬಹುದು. ಹಿಂದಿನ ಬೆಂಚಿನವರು ಘೋಷಣೆ ಕೂಗಬಹುದು. ಕುರ್ಚಿ ಎಸೆಯಬಹುದು (ಕಬ್ಬಿಣದ್ದು, ಹೆಚ್ಚು ದೂರ ಹೋಗಲಾರದು). ಯಾರಾದರೂ ಪೊಲೀಸರಿಗೆ ಫೋನ್ ಮಾಡಬಹುದು. ಪೊಲೀಸರು ಬರಬಹುದು. ಬರದೇ ಇರಬಹುದು. ನಮ್ಮಪ್ಪನಿಗೆ ಗೊತ್ತಾಗಬಹುದು. ಮೇಡಂ ಕೆಲಸ ಹೋಗಬಹುದು.

ಕೊನೆಯದಕ್ಕೆ ಎರಡು ಅಡಿಗೆರೆ.

ಜೆ.ಪಿ. ನಗರದ ಮನೆಗೆ ಬಣ್ಣ ಹೊಡೆಸಲೆಂದು ಅಟ್ಟ ಖಾಲಿ ಮಾಡುವಾಗ ಈ ಹಾಳೆ ಸಿಕ್ಕಿತು. ಅದಕ್ಕೆ ಪಿನ್ ಮಾಡಿದ್ದ ಒಂದು ಚೀಟಿ, ಅಂಚಿಗೆ ಅರಿಶಿನದ ಕಲೆ. ಮೂಸಿ ನೋಡಿದೆ. ಇಷ್ಟು ವರ್ಷದ ಮೇಲೆ ಯಾವ ವಾಸನೆ ಇದ್ದೀತು... ಆದರೂ ಇಂಗಿನ ಒಗ್ಗರಣೆ ಮೂಗಿಗೆ ಬಡಿಯಿತು.

ಅದು ಕಾರ್ಗಿಲ್ ಯುದ್ಧದ ಜುಲೈ. ಜಯನಗರದ ಕಾಲೇಜಿನಲ್ಲಿ ನಾವು ಕೆಲವರು ಸೇರಿ ಎರಡು ದೇಶಗಳ ಜಗಳದ ಬಗ್ಗೆ ಕೂಗಾಡದೆ ಮಾತಾಡುವ ಒಂದು ಸಭೆ ಮಾಡಲು ಹೊರಟಿದ್ದೆವು. ನಾನು ಸಂಚಾಲಕ, ಎಲ್ಲರಿಗಿಂತ ಹೆಚ್ಚು ಹೆದರುವವನಿಗೆ ಆ ಪಟ್ಟ ಸಿಕ್ಕಿತ್ತು. ಅನುಮತಿ ಪತ್ರಕ್ಕೆ ಸಹಿ ಹಾಕಲು ಒಪ್ಪಿದವರು ಇತಿಹಾಸದ ಮೇಡಂ ಒಬ್ಬರೇ.

ಅವರು ಧಾರವಾಡದ ಕಡೆಯವರು. ಬಿ.ಟಿ.ಎಂ. ಬಡಾವಣೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಕೆಲಸ ಕಾಯಂ ಅಲ್ಲ. ಪ್ರತಿ ಮಾರ್ಚಿನಲ್ಲಿ ಆಡಳಿತ ಮಂಡಳಿ ಮುಂದುವರಿಸಿ ಎಂದರೆ ಮಾತ್ರ ಮುಂದಿನ ಜೂನಿಗೆ ಕೆಲಸ. ಪ್ರಿನ್ಸಿಪಾಲರು ನಮ್ಮೆದುರಿಗೇ ಹೇಳಿದ್ದರು: "ಏನಾದ್ರೂ ಆದ್ರೆ ನಿಮ್ಮ ತಲೆ ಮೇಲೆ ಮೇಡಂ. ನಂಗೇನೂ ಗೊತ್ತಿಲ್ಲ."

ನನ್ನ ಭಯದ ಪಟ್ಟಿಯನ್ನು ಮೇಡಂಗೆ ತೋರಿಸಿದೆ. ಪೂರ್ತಿ ಓದಿ ನಕ್ಕರು. "ಭೂಕಂಪ ಬಿಟ್ಟಿಯಲ್ಲೋ ತಮ್ಮಾ, ಅದನ್ನೂ ಬರಿ."

ಸಭೆಯ ಪದ್ಧತಿ ಅವರದೇ. ಊಟದ ಡಬ್ಬಿ ತೊಳೆದು ಅದರಲ್ಲಿ ಚೀಟಿ ಹಾಕಿದರು. ಕೆಲವುಗಳಲ್ಲಿ 'ಈ ಕಡೆ', ಕೆಲವುಗಳಲ್ಲಿ 'ಆ ಕಡೆ'. ಯಾವುದು ಬಂತೋ ಆ ಕಡೆಯವನಾಗಿ ಮೂರು ನಿಮಿಷ ಮಾತಾಡಬೇಕು. ಉತ್ತರ ಕೊಡುವವನು ಮೊದಲು ಅವನ ಮಾತನ್ನು ತಿರುಗಿ ಹೇಳಬೇಕು. ಅವನು "ಹೌದು, ಇದನ್ನೇ ಹೇಳಿದ್ದು" ಎಂದ ಮೇಲೆಯೇ ತನ್ನ ಮಾತು. ಡಬ್ಬಿ ಎಷ್ಟು ತೊಳೆದರೂ ಚೀಟಿಗಳಿಗೆ ಚಿತ್ರಾನ್ನ ಹತ್ತಿತ್ತು.

ಶನಿವಾರ ಮಧ್ಯಾಹ್ನ ಸಭಾಂಗಣ ತುಂಬಿತು. ಕಿಟಕಿಯಲ್ಲೂ ತಲೆಗಳು. ಮೊದಲ ಚೀಟಿ ಎತ್ತಿದವನು ನನ್ನ ಬೆಂಚಿನ ಗೆಳೆಯ. ಅವನ ಅಣ್ಣ ಸೈನ್ಯದಲ್ಲಿದ್ದ; ಆಗ ಅಲ್ಲೇ, ಆ ಬೆಟ್ಟಗಳಲ್ಲೇ ಇದ್ದ. ಚೀಟಿ ಬಿಚ್ಚಿದ. 'ಆ ಕಡೆ.'

ಹಿಂದಿನಿಂದ ಕುರ್ಚಿಗಳು ಕಿರುಗುಟ್ಟಿದವು. "ಬೇಡ ಮಗಾ, ಇಳಿ ಕೆಳಗೆ!" ಎಂದೊಬ್ಬ ದಪ್ಪ ದನಿಯವನು ಎದ್ದು ಮುಂದೆ ಬರತೊಡಗಿದ. ನನ್ನ ಪಟ್ಟಿಯ ಮೂರನೆಯದೂ ನಾಲ್ಕನೆಯದೂ ಒಟ್ಟಿಗೇ ನಡೆದು ಬರುತ್ತಿದ್ದವು. ಮೇಡಂ ಕದಲಲಿಲ್ಲ. "ಬ್ಯಾರೆ ಚೀಟಿ ತಗೋತಿಯೇನು?" ಎಂದು ಗೆಳೆಯನನ್ನಷ್ಟೇ ಕೇಳಿದರು. ಅವನು ತಲೆಯಾಡಿಸಿದ. ಬೇಡ.

ಮೂರು ನಿಮಿಷವೇನೂ ಮಾತಾಡಲಿಲ್ಲ. "ನಾನು ಆ ಕಡೆಯವನು. ನಮ್ಮಣ್ಣನೂ ಬೆಟ್ಟದ ಮೇಲಿದಾನೆ. ಇಪ್ಪತ್ತು ದಿನ ಆಯ್ತು, ಕಾಗದ ಬಂದಿಲ್ಲ. ಅಮ್ಮ ಪೋಸ್ಟ್‌ಮ್ಯಾನ್ ಬರೋ ಹೊತ್ತಿಗೆ ಸ್ನಾನಕ್ಕೂ ಹೋಗಲ್ಲ." ಅಷ್ಟೇ.

ಮೇಡಂ ದಪ್ಪ ದನಿಯವನ ಕಡೆ ತಿರುಗಿದರು. "ಹೂಂ, ಉತ್ತರ ಕೊಡಾಕ ಬಂದಿಯಲ್ಲ? ಮೊದಲ ಇವ ಹೇಳಿದ್ದು ಹೇಳಪಾ."

ಅವನು ನಿಂತಲ್ಲಿಂದಲೇ, "ಇವ್ರಣ್ಣನ ಕಾಗದ ಬಂದಿಲ್ಲ," ಎಂದ. ಗೆಳೆಯ, "ಹೌದು, ಇದನ್ನೇ ಹೇಳಿದ್ದು," ಎಂದ. ದಪ್ಪ ದನಿಯವನು ಅಲ್ಲೇ ನೆಲದ ಮೇಲೆ ಕೂತ. ಆಮೇಲೆ ಎರಡು ಗಂಟೆ ಮಾತು ನಡೆಯಿತು. ದನಿ ಏರಿತು, ಕುರ್ಚಿ ಏಳಲಿಲ್ಲ. (ಗೆಳೆಯನ ಅಣ್ಣ ಅಕ್ಟೋಬರಿನಲ್ಲಿ ರಜೆಯ ಮೇಲೆ ಬಂದ.)

ಕೊನೆಗೆ ವಂದನಾರ್ಪಣೆ, ನನ್ನದು. ಹೆಸರು ಹೇಳಿದವರು ಅರ್ಧ ಎದ್ದು ಕೈಮುಗಿಯುವುದು ನಮ್ಮಲ್ಲಿ ಪದ್ಧತಿ. ಓದಲು ಎದ್ದಾಗ ಬಾಗಿಲಲ್ಲಿ ಪುಸ್ತಕ, ಪೆನ್ನು ಹಿಡಿದ ಅಪರಿಚಿತನೊಬ್ಬ ಕಂಡ. ಪತ್ರಿಕೆಯವನು! ನಾಳೆ ಮೇಡಂ ಹೆಸರು ಅಚ್ಚಾದರೆ ಕೆಲಸ ಹೋಯಿತು ಎಂದುಕೊಂಡು, ಅಲ್ಲೇ, ಅವರ ಸಾಲಿನ ಮೇಲೆ ಗೆರೆ ಎಳೆದೆ. "ಕೊನೆಯದಾಗಿ..." ಎಂದಾಗ ಮೇಡಂ ಸೆರಗು ಸರಿಮಾಡಿಕೊಂಡು ಅರ್ಧ ಎದ್ದಿದ್ದರು. ನಾನು ಮೈಕ್‌ಸೆಟ್‌ನವರಿಗೆ ವಂದಿಸಿದೆ. ಮೇಡಂ ಡಬ್ಬಿ ಎತ್ತಿಕೊಳ್ಳಲೆಂದೇ ಎದ್ದವರಂತೆ ಡಬ್ಬಿ ಎತ್ತಿಕೊಂಡರು.

"ನನ್ನ ಹೆಸರು ಮರ್ತಿಯೇನೋ?" ಎಂದರು ಆಮೇಲೆ, ನಗುತ್ತಲೇ.

"ಟೆನ್ಶನ್‌ನಲ್ಲಿ ಮರೆತೋಯ್ತು ಮೇಡಂ," ಎಂದೆ. ನಿಮ್ಮನ್ನು ಕಾಪಾಡಿದೆ ಎಂದು ಹೇಳಲು ನಾಚಿಕೆಯಾಯಿತು.

ಬಾಗಿಲಲ್ಲಿದ್ದವನು ಮೈಕ್‌ಸೆಟ್‌ನವರ ಭಾವಮೈದುನ. ವೈರು ಎಣಿಸಿ ಬರೆದುಕೊಳ್ಳುತ್ತಿದ್ದ.

ಕಾಲೇಜಿನ ವಾರ್ಷಿಕ ವರದಿಗೆ ಗುಮಾಸ್ತರು ನನ್ನ ವಂದನಾರ್ಪಣೆಯನ್ನೇ ನಕಲು ಮಾಡಿಕೊಂಡರು. ಅದರಲ್ಲಿ ಪ್ರಿನ್ಸಿಪಾಲರಿದ್ದರು, ಮೈಕ್‌ಸೆಟ್ ಇತ್ತು. ಮಾರ್ಚಿನಲ್ಲಿ ಮಂಡಳಿಯವರು ಮೇಡಂ ಅವರನ್ನು, ಪಾಠ ಬಿಟ್ಟು ಈ ವರ್ಷ ನೀವೇನು ಮಾಡಿದಿರಿ ಎಂದು ಕೇಳಿ ಆ ವರದಿ ತಿರುವಿದರಂತೆ. ಊರೆಲ್ಲ ಮೆಚ್ಚಿದ ಸಭೆ ಪ್ರಿನ್ಸಿಪಾಲರ ಲೆಕ್ಕಕ್ಕೆ ಹೋಗಿತ್ತು, ಅವರು ಅದನ್ನು ತಿದ್ದಲಿಲ್ಲವಂತೆ. ಮೇಡಂ ಅವರನ್ನು ಮುಂದುವರಿಸಲಿಲ್ಲ. ಗುಮಾಸ್ತರು ನನಗೆ ಹೇಳುವ ಹೊತ್ತಿಗೆ ಮೇಡಂ ಮನೆ ಖಾಲಿ ಮಾಡಿದ್ದರು.

ಜಯನಗರದ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕರು, ಎರಡು ಚೀಲ ಹಿಡಿದು, ಮೆಜೆಸ್ಟಿಕ್ ಬಸ್ಸಿಗೆ ಕಾಯುತ್ತ. ಹೆಸರಿನ ಮೇಲೆ ಗೆರೆ ಎಳೆದದ್ದನ್ನು ಹೇಳಬೇಕೆಂದೇ ಹತ್ತಿರ ಹೋದೆ. "ಹೆದರಿಕಿ ಕಡಿಮಿ ಆತೇನೋ?" ಎಂದು ಅವರೇ ಮೊದಲು ಕೇಳಿದರು. "ಆಯ್ತು ಮೇಡಂ," ಎಂದೆ. ಬಸ್ಸು ಬಂತು.

ಮೇಡಂ ಹೋದ ವರ್ಷ ತೀರಿಕೊಂಡರು ಎಂದು ಗೆಳೆಯ ಫೋನಿನಲ್ಲಿ ಹೇಳಿದ.

ಬಣ್ಣದವರು ಕಾಯುತ್ತಿದ್ದಾರೆ. ಹಾಳೆ ತಿರುಗಿಸಿದರೆ ಹಿಂಬದಿಯಲ್ಲಿ ವಂದನಾರ್ಪಣೆ. ಆ ದಿನ ಮೈಕು ಕೈಕೊಡಲಿಲ್ಲ, ಕರೆಂಟು ಹೋಗಲಿಲ್ಲ, ನಮ್ಮಪ್ಪನಿಗೆ ಇಂದಿಗೂ ಗೊತ್ತಿಲ್ಲ. ಕೆಳಗಿನಿಂದ ಎರಡನೆಯ ಸಾಲಿನ ಮೇಲೆ ಮಾತ್ರ ಒಂದು ನೀಲಿ ಗೆರೆ. ಕೆಳಗಿರುವ ಹೆಸರು ಈಗಲೂ ಸಲೀಸಾಗಿ ಓದಲು ಬರುತ್ತದೆ.