ಹುಳಗಳಿಗೆ ರಜೆ ಕೊಟ್ಟ ದಿನ

ನಿನ್ನೆ ಆಯುಧಪೂಜೆ. ಈ ಬೆಳಿಗ್ಗೆ ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಒಡೆದ ಬೂದುಗುಂಬಳದ ಹೋಳುಗಳು ಇನ್ನೂ ಬಿದ್ದಿದ್ದವು. ಆ ಹಸಿ ವಾಸನೆ ಮೂಗಿಗೆ ಬಂದರೆ ಸಾಕು, ನಾನು ಕಿಟಕಿ ಮುಚ್ಚಿಬಿಡುತ್ತೇನೆ. ಮನೆಯಲ್ಲಿ ಮಿಕ್ಸಿಗೂ ಹೊಲಿಗೆ ಯಂತ್ರಕ್ಕೂ ಹಬ್ಬದ ರಜೆ. ಫ್ರಿಜ್ಜು ಮಾತ್ರ ಓಡುತ್ತಿದೆಯೇ ಎಂದು ನಾನು ಎರಡೆರಡು ಸಲ ಕಿವಿಯಿಟ್ಟು ನೋಡುತ್ತೇನೆ. ಹೆಂಡತಿ ನಗುತ್ತಾಳೆ. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಮದುವೆಗೆ ಮುಂಚೆ ನಾನು ಚಾಮರಾಜನಗರದ ಕಡೆ ಒಂದು ಸಣ್ಣ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಮೇಲ್ವಿಚಾರಕನಾಗಿದ್ದೆ. ಹೆಣ್ಣು ನೋಡಲು ಹೋದ ಕಡೆಯೆಲ್ಲ ‘ನೀರಿನ ಕೆಲಸ’ ಎಂದಷ್ಟೇ ಹೇಳಿ ಉಪ್ಪಿಟ್ಟು ತಿಂದು ಬರುತ್ತಿದ್ದೆ. ಊರಿನ ಬಚ್ಚಲು, ಪಾಯಿಖಾನೆಗಳ ನೀರೆಲ್ಲ ನಮ್ಮ ತೊಟ್ಟಿಗೆ ಬರುತ್ತಿತ್ತು. ಬ್ಲೋವರ್ ಎಂಬ ಯಂತ್ರ ಬಿಡುವಿಲ್ಲದೆ ಅದರೊಳಕ್ಕೆ ಗಾಳಿ ಊದಬೇಕು. ಆ ಗಾಳಿಯಿಂದ ಬದುಕುವ, ಕಣ್ಣಿಗೆ ಕಾಣದ ಜೀವಿಗಳು ಹೊಲಸನ್ನು ತಿಂದುಹಾಕುತ್ತವೆ. ಆಮೇಲೆ ತಿಳಿನೀರು ಕಾಲುವೆ ಹಿಡಿದು ಕೆಳಗಿನ ಹಳ್ಳಿಯ ಕೆರೆಗೆ ಹೋಗುತ್ತದೆ. ಆ ಜೀವಿಗಳನ್ನು ನಮ್ಮ ಆಪರೇಟರ್ ಮಾದೇವಣ್ಣ ‘ನಮ್ಮುಳ’, ಅಂದರೆ ನಮ್ಮ ಹುಳ, ಎನ್ನುತ್ತಿದ್ದ, ಮನೆಯ ದನಕರುಗಳ ಬಗ್ಗೆ ಮಾತಾಡುವ ಹಾಗೆ. ಅವನದು ಅದೇ ಕೆರೆಯ ಊರು. ನಮ್ಮ ನೀರೇ ಬೇಡವೆಂದು ಜಗಳಕ್ಕೆ ನಿಂತಿದ್ದ ಊರವರಿಗೆ, ಕೆರೆ ಕೆಡಲು ಬಿಡುವುದಿಲ್ಲವೆಂದು ಮಾತು ಕೊಟ್ಟು ಒಪ್ಪಿಸಿದವನು ಅವನೇ.

ಒಂದು ವರ್ಷ ಆಯುಧಪೂಜೆಗೆ ನಾನು ಬ್ಲೋವರಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಮಂಗಳಾರತಿ ಎತ್ತಿ, ಸ್ವಿಚ್ಚು ಆರಿಸಿದೆ. ನಮ್ಮಪ್ಪ ಬಡಗಿ. ಪೂಜೆಗಿಟ್ಟ ಉಳಿಯನ್ನು ಅವತ್ತು ಮುಟ್ಟಿದರೆ ನಮಗೆ ಏಟು ಬೀಳುತ್ತಿತ್ತು.

“ಉಳ ಉಸ್ರಾಡ್‌ಬೇಕಲ್ಲ ಸಾ. ಅವ್ಕೇನು ಅಬ್ಬ ಗೊತ್ತಾ?” ಎಂದ ಮಾದೇವಣ್ಣ.

“ಒಂದು ದಿನಕ್ಕೆ ಏನೂ ಆಗಲ್ಲ. ಮನೆಗೆ ಹೋಗಿ ಒಬ್ಬಟ್ಟು ತಿನ್ನು” ಎಂದೆ. ಮೇಲ್ವಿಚಾರಕ ನಾನಲ್ಲವೇ.

ಮರುದಿನ ಹೋದಾಗ ತೊಟ್ಟಿಯ ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಆ ನೀರು ಆಗಲೇ ಕೆರೆ ಸೇರಿ, ದಡದಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಾದೇವಣ್ಣ ಕಾಲುವೆಯ ಗೇಟು ಇಳಿಸಿದ, ಬ್ಲೋವರ್ ಹಾಕಿದ, ನೇರ ಊರ ಚಾವಡಿಗೆ ನಡೆದ. ನಾನೂ ಹಿಂದೆಯೇ ಹೋದೆ.

“ನಾನೇ ಮಿಸೀನು ಆರ್ಸ್‌ಬುಟ್ಟೆ ಕಣ್ರಪ್ಪ. ತಪ್ಪು ನಂದು. ನೀರು ತಿಳಿಯಾಗಗಂಟ ದನ ಬುಡಬ್ಯಾಡಿ” ಎಂದ.

ಜನ ಅವನ ಮುಖದ ಮೇಲೇ ಬೈದರು. ನಾನು ಬಾಯಿ ಬಿಡಲಿಲ್ಲ. ವಾಪಸು ಬರುವಾಗ ಅವನೇ ನನಗೆ ಸಮಾಧಾನ ಹೇಳಿದ: “ನೀವು ಒರಗ್ನೋರು ಸಾ. ನಿಮ್ಮನ್ನ ಬುಡಕಿಲ್ಲ ಅವ್ರು. ನಾನಾದ್ರೆ ಬೈದು ಸುಮ್ಕಾಯ್ತರೆ.”

ತನ್ನ ಕೊಟ್ಟಿಗೆಯ ಸಗಣಿ ಹೊತ್ತು ತಂದು, ಬೆಲ್ಲದ ಜೊತೆ ಕದಡಿ ತೊಟ್ಟಿಗೆ ಸುರಿದು, ಅವನು ಹುಳಗಳನ್ನು ಮತ್ತೆ ಬೆಳೆಸಿದ. ನೀರು ತಿಳಿಯಾಯಿತು. ನನಗೆ ಗುಂಡ್ಲುಪೇಟೆಯಲ್ಲಿ ಬೇರೆ ಕೆಲಸ ಸಿಕ್ಕಿತು. ಬಿಟ್ಟು ಬಂದವನು ಆ ಕಡೆ ತಲೆ ಹಾಕಲಿಲ್ಲ. ನಾಚಿಕೆ, ಬೇರೇನಿಲ್ಲ.

ಇವತ್ತು ಯಾಕೋ ತಡೆಯಲಾಗದೆ ಮಾದೇವಣ್ಣನ ಊರಿನ ಬಸ್ಸು ಹತ್ತಿಬಿಟ್ಟೆ. ಕೆರೆಯಲ್ಲಿ ಎಮ್ಮೆಗಳು ಕುತ್ತಿಗೆವರೆಗೆ ಮುಳುಗಿ ಸುಖವಾಗಿದ್ದವು. ಮಾದೇವಣ್ಣ ತೀರಿಕೊಂಡು ಎರಡು ವರ್ಷವಾಯಿತಂತೆ. ಅವನ ಹೆಂಡತಿ ಪುಟ್ಟಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ಗುರುತು ಹೇಳಿ, ಪಕ್ಕದಲ್ಲಿ ಕೂತು, ಅವತ್ತು ಮೆಷೀನು ಆರಿಸಿದವನು ನಾನು ಎಂದೆ.

ಅವರು ಮೊರ ಕೆಳಗಿಟ್ಟರು.

“ನಂಗೂ ತಾನೇ ಅಂತ್ಲೇ ಏಳಿದ್ನಲ್ಲಪ್ಪ” ಎಂದರು. “ಕೆರೆತಾವ ಎಂಗುಸ್ರೆಲ್ಲ ನನ್ನ ಆಡ್ಕಂಡ್ರು. ಆ ಸಿಟ್ಗೆ ದೀಪಾವಳಿಗಂಟ ಅವನ್‌ ತಾವ ಮಾತೇ ಬುಟ್ಟಿದ್ದೆ ನಾನು.”