ಗುಡಿಸದೆ ಬಿಟ್ಟ ಬೂದುಗುಂಬಳ

ಬ್ರೇಕಿನ ಸದ್ದು ಈಗಲೂ ಕೇಳುತ್ತದೆ. ತರಕಾರಿ ಹೆಚ್ಚುವಾಗ, ಮೀಟಿಂಗಿನ ನಡುವೆ, ಎಲ್ಲೆಂದರಲ್ಲಿ.

ಆಯುಧಪೂಜೆಯ ಬೆಳಿಗ್ಗೆ. ಆಸ್ಟ್ರೇಲಿಯಾದ ಟ್ರುಗನಿನಾ ಎಂಬ ಊರಿನ ನಮ್ಮ ಬೀದಿಯ ನಾಲ್ಕು ಕನ್ನಡದ ಮನೆಯವರು ಕಾರುಗಳಿಗೆ ಹೂ ಹಾಕಿ, ಕುಂಕುಮ ತುಂಬಿದ ಬೂದುಗುಂಬಳ ನಿವಾಳಿಸಿದೆವು. ರಸ್ತೆಗೆ ಒಡೆದವನು ನಾನು. ಪೊರಕೆ ತರಲು ಹೊರಟರೆ ಪಕ್ಕದ ಮನೆಯ ಮೈಸೂರಿನ ಅಂಕಲ್ ತಡೆದರು.

"ದೃಷ್ಟಿ ತೆಗೆದಿದ್ದನ್ನ ಈಗ್ಲೇ ಮುಟ್ಬಾರ್ದಪ್ಪಾ. ಕಾರುಗಳೇ ಅರೆದು ಹಾಕ್ತವೆ. ಬಾ, ಕೇಸರಿಬಾತ್ ಆರಿಹೋಗುತ್ತೆ."

ಹುಬ್ಬಳ್ಳಿಯಲ್ಲಿ ಇದೇ ಹಬ್ಬದಂದು ಬೈಕ್ ಜಾರಿ ಬಿದ್ದವರನ್ನು ಎತ್ತಿದವನು ನಾನು. ಆದರೂ ತಟ್ಟೆಗೆ ಕೈ ಚಾಚಿದೆ.

ಅಷ್ಟರಲ್ಲಿ ಎದುರುಮನೆಯಾಕೆ ಸೈಕಲ್ಲಿನಲ್ಲಿ ನಮ್ಮ ಬೀದಿಗೆ ತಿರುಗಿದರು. ಅರವತ್ತು ದಾಟಿದ ಬಿಳಿಯ ಹೆಂಗಸು. ಸುಡಾನಿನವರು, ಪಂಜಾಬಿಗಳು, ನಾವು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ಗ್ಯಾರೇಜಿನೊಳಗೆ ಮಾಯವಾಗುತ್ತಿದ್ದ ಕಾಲದಲ್ಲಿ, ಮನೆಮನೆಗೂ ಹೋಗಿ ಕರೆದು, ತಿಂಗಳಿಗೊಂದು ಶನಿವಾರ ಪಾರ್ಕಿನಲ್ಲಿ ಟೀಗೆ ಕೂರಿಸಿದವರು. ಚಕ್ರ ಕುಂಬಳದ ಹೋಳಿನ ಮೇಲೆ ಹೋಗಿ ಜಾರಿ, ಅವರು ರಸ್ತೆಗೆ ಬಿದ್ದರು. ಹಿಂದೆ ಬರುತ್ತಿದ್ದ ವ್ಯಾನ್ ಕಿರ್ರೆಂದು ಬ್ರೇಕ್ ಹಾಕಿ ಅವರ ತಲೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಓಡಿಹೋಗಿ ಎತ್ತಿದೆ. ಹೆಲ್ಮೆಟ್ಟಿಗೆ ಹತ್ತಿದ್ದು ಕುಂಕುಮವೋ ರಕ್ತವೋ ತಿಳಿಯಲಿಲ್ಲ.

ಮಣಿಕಟ್ಟು ಮುರಿದಿತ್ತು. ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ "ಈ ಇಂಡಿಯನ್ನರೇ ಹೀಗೆ" ಎಂದು ಬರೆದರು. ನಮ್ಮವರು ಜಗಳಕ್ಕೆ ನಿಂತರು. ಕನ್ನಡದ ಮೂರು ಮನೆಯವರು ಇನ್ನು ಟೀಗೆ ಬರುವುದಿಲ್ಲ ಎಂದರು. ಒಡೆದದ್ದು ಯಾರೆಂದು ಮಾತ್ರ ಯಾರೂ ಹೇಳಲಿಲ್ಲ.

"ಸುಮ್ನಿರಪ್ಪಾ, ನೀನು ಒಪ್ಕೊಂಡ್ರೆ ಎಲ್ರ ಮೇಲೂ ಬರುತ್ತೆ," ಎಂದರು ಅಂಕಲ್.

"ಈಗೇನ್ ಕಮ್ಮಿ ಬಂದೈತ್ರೀ ಅಂಕಲ್?"

ಹೀಗೆಂದವನು ಮತ್ತೂ ಹತ್ತು ದಿನ ಸುಮ್ಮನಿದ್ದೆ. ಆಮೇಲೆ ಎದುರುಮನೆಯ ಬೆಲ್ ಒತ್ತಿ, ಒಡೆದವನು ನಾನು ಎಂದೆ.

"ನೀವೆಲ್ಲ ಅದನ್ನ ಯಾಕೆ ಒಡೀತೀರಿ?"

"ಗಾಡಿಗಳಿಗೆ ಅಪಘಾತ ಆಗದಿರಲಿ ಅಂತ."

ಅವರು ನಗಲಿಲ್ಲ. "ನನಗೆ ಅವತ್ತೇ ಗೊತ್ತಿತ್ತು. ನನ್ನನ್ನು ಎತ್ತಿದಾಗ ನಿನ್ನ ಕೈ ಕೆಂಪಾಗಿತ್ತು. ನನಗೊಬ್ಬಳಿಗೆ ಹೇಳಿದರೆ ಸಾಲದು. ಶನಿವಾರ ಎಲ್ಲರೆದುರು ಹೇಳು."

ಹೇಳಿದೆ. ಅರ್ಧಕ್ಕರ್ಧ ಕುರ್ಚಿಗಳು ಖಾಲಿ. ಯಾರೂ ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಮೂಲೆಮನೆಯ ಸುಡಾನಿನಾತ ಮಾತ್ರ ಕೇಳಿದ: "ಗ್ರೂಪಿನಲ್ಲೂ ಬರೀತೀಯಾ? ಇಲ್ಲಿಗೆ ಬರದೇ ಇರೋರೂ ಓದಲಿ."

ಅಲ್ಲೇ ಕುಳಿತು ಬರೆದೆ. ಎರಡು ಸಲ ಅಳಿಸಿದೆ. ಕಳಿಸಿದಾಗ ಮೇಜಿನ ಮೇಲಿದ್ದ ಫೋನುಗಳೆಲ್ಲ ಒಟ್ಟಿಗೇ ಸದ್ದು ಮಾಡಿದವು.