ಮೇಜಿನ ಅಡಿಯ ಪೆನ್ಸಿಲ್ ಬರಹ

ಬೆಳಗಿನ ಆರೂಕಾಲು. ಬೆಟ್ಟದ ಓರೆಯಲ್ಲಿರುವ ಹಳೆಯ ಮನೆಯೊಂದರ ಊಟದ ಕೋಣೆ. ಐವತ್ತೆರಡರ ಹೆಂಗಸೊಬ್ಬರು ನೆಲಕ್ಕೆ ಮಂಡಿಯೂರಿ, ಮೇಜಿನ ಅಂಚಿಗೆ ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ. ಮಂಜು ಇನ್ನೂ ಕೆಳಗೆ ಕಣಿವೆಯಲ್ಲೇ ಇದೆ. ಪೂರ್ವದ ಕಿಟಕಿಯಿಂದ ಬರುವ ಬಿಸಿಲು ಮೇಜಿನ ಮೇಲೆ ಮಲಗಿಕೊಂಡೇ ಹರಿಯುತ್ತದೆ. ಇಂಥ ಬೆಳಕಿನಲ್ಲಿ ಉಗುರಿನಷ್ಟು ತಗ್ಗಿಗೂ ನೆರಳು ಬೀಳುತ್ತದೆ. ಬಿಸಿಲು ಮೇಲೇರಿತೋ, ಅದೇ ತಗ್ಗು ಕಣ್ಣಿಗೆ ಸಿಗುವುದಿಲ್ಲ. ಆ ನಲವತ್ತು ನಿಮಿಷದ ಬೆಳಕಿಗಾಗಿ ಅವರು ಕತ್ತಲಿರುವಾಗಲೇ ಮನೆ ಬಿಟ್ಟು ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿ ಬಂದಿದ್ದಾರೆ.

ಸೀಮೆಸುಣ್ಣದಿಂದ ಏಳು ಕಡೆ ಗುರುತು ಹಾಕುತ್ತಾರೆ. ನಡುವೆ ಒಂದು ಬಿಳಿಯ ಉಂಗುರವಿದೆ. ಯಾರೋ ಬಿಸಿ ಪಾತ್ರೆಯನ್ನು ಹಾಗೇ ಇಟ್ಟಿದ್ದಾರೆ. ಅರಗಿನ ಪಾಲಿಶ್ ಬಿಸಿಗೆ ಮೆತ್ತಗಾಗಿ, ಪಾತ್ರೆಯಡಿಯ ತೇವವನ್ನು ಒಳಗೆ ಹಿಡಿದುಕೊಂಡುಬಿಟ್ಟಿದೆ. "ಅಷ್ಟೆಲ್ಲ ಓದಿದೋರು," ಎನ್ನುತ್ತಾರೆ ಆಕೆ, "ಒಂದು ಚಿಂದಿ ಬಟ್ಟೆ ಮಡಿಸಿ ಕೆಳಗಿಡೋದು ಯಾರೂ ಕಲಿಸಿಲ್ಲ."

ಬೆಟ್ಟದ ಬುಡದ ಪೇಟೆಗೆಲ್ಲ ಆಕೆ ಪಾಲಿಶಕ್ಕ. ಮುರಿದ ಕುರ್ಚಿ, ಹುಳು ಹಿಡಿದ ಬೀರು, ಬಾಗಿಲು ಕೂರದ ಗಾಜಿನ ಕಪಾಟು ಇವುಗಳಿಗೆ ಮತ್ತೆ ಜೀವ ಕೊಡುವ ಕೆಲಸ. ತಮ್ಮ ಬಡಗಿ, ಜೊತೆಗೇ ಇದ್ದಾನೆ. ತಮ್ಮನ ಹೆಂಡತಿ ಅಂಗಡಿ ನೋಡಿಕೊಳ್ಳುತ್ತಾಳೆ. ಕೆಲಸ ಕಲಿಸಿದ್ದು ತಂದೆ. ಮೂವತ್ತು ವರ್ಷದಿಂದಲೂ ಗಿರಾಕಿಗಳು ಅಂಗಡಿಗೆ ಬಂದು ಆಕೆಯನ್ನು ದಾಟಿ ಒಳಗೆ ಇಣುಕಿ, ಮೇಸ್ತ್ರಿ ಎಲ್ಲಿ ಎಂದು ಕೇಳುತ್ತಾರೆ. ತಮ್ಮನ ಉತ್ತರ ಸಿದ್ಧವಾಗಿರುತ್ತದೆ: "ಮೇಸ್ತ್ರಿ ನಿಮ್ಮ ಮುಂದೇನೇ ನಿಂತಿದಾರೆ. ನಾನು ಹೊರೋನು."

ಆ ಮಾತಿನಲ್ಲಿ ತಮಾಷೆ ಅರ್ಧ, ನಿಜ ಅರ್ಧ. ಈ ಮನೆಗೆ ವಾಹನದ ದಾರಿಯಿಲ್ಲ. ಒಂಬತ್ತು ತಿಂಗಳಲ್ಲಿ ನಲವತ್ತೊಂದು ಸಾಮಾನುಗಳು ಆ ಮೆಟ್ಟಿಲುಗಳನ್ನು ಹತ್ತಿದ್ದು ಅಕ್ಕ ತಮ್ಮಂದಿರ ಬೆನ್ನ ಮೇಲೆ. ಕಬ್ಬಿಣದ ಮಂಚವನ್ನು ಆರು ತುಂಡು ಮಾಡಿ ಹೊತ್ತರು. ಗಾಜಿನ ಕಪಾಟಿಗೆ ಇಪ್ಪತ್ತೆರಡು ಕೈ ಪಾಲಿಶ್ ಕೊಟ್ಟರು. ಒಂದು ಕೈ ಆರದೆ ಇನ್ನೊಂದಿಲ್ಲ, ಮಂಜು ಇರುವಾಗ ಒಂದೂ ಇಲ್ಲ. ವರ್ಷಗಟ್ಟಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಬೆರಳುಗಳ ತುದಿ ನುಣ್ಣಗಾಗಿಬಿಟ್ಟಿದೆ. ಬ್ಯಾಂಕಿನ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ ಅದು ಆಕೆಯನ್ನು ಗುರುತಿಸುವುದೇ ಇಲ್ಲ.

ಗುರುತಿಸದಿರುವುದರಲ್ಲಿ ಆ ಯಂತ್ರಕ್ಕೆ ಒಳ್ಳೆಯ ಜೊತೆಗಾರರಿದ್ದಾರೆ.

ಹೋದ ತಿಂಗಳು ನುಣುಪು ಕಾಗದದ ಪತ್ರಿಕೆಯೊಂದು ಈ ಮನೆಯ ಬಗ್ಗೆ ಹನ್ನೆರಡು ಪುಟ ಅಚ್ಚು ಹಾಕಿತು. ಮೂವತ್ತೊಂದು ಚಿತ್ರಗಳು. ಬೆಟ್ಟದ ಮೇಲೊಂದು ಪುಟ್ಟ ಯುರೋಪ್ ಎಂಬ ಒಕ್ಕಣೆ. ಮಂಚ ಸಿಕ್ಕಿತಂತೆ, ಕಪಾಟು ಸಿಕ್ಕಿತಂತೆ, ಗೋಡೆ ಗಡಿಯಾರ ಗುಜರಿಯಲ್ಲಿ ಕಣ್ಣಿಗೆ ಬಿತ್ತಂತೆ. ಸಿಕ್ಕಿದ ಕಪಾಟಿಗೆ ಮೂರು ಕಾಲಿತ್ತು, ಒಂದು ಬಾಗಿಲಿರಲಿಲ್ಲ, ಒಳಗೆ ಇಲಿ ಸಂಸಾರ ಹೂಡಿತ್ತು ಎಂಬುದು ಎಲ್ಲೂ ಇಲ್ಲ. ಛಾಯಾಗ್ರಾಹಕರು ಯಾರು, ಹೂ ಜೋಡಿಸಿದವರು ಯಾರು, ಮೇಣದಬತ್ತಿ ಯಾವ ಅಂಗಡಿಯದು ಎಲ್ಲ ಇದೆ. ಸೋಫಾದ ಮೇಲೆ ಮಲಗಿದ ನಾಯಿಯ ತಳಿ, ವಯಸ್ಸು ಕೂಡ ಇದೆ. ಸೋಫಾ ಕಟ್ಟಿದವರು ಮಾತ್ರ ಇಲ್ಲ.

ಪಾಲಿಶಕ್ಕ ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ಅವರ ಹೊಟ್ಟೆ ಉರಿಸಿದ್ದು ನಡುಪುಟ. ಅದರಲ್ಲಿದ್ದುದು ಈ ಮೇಜು. ಕೆಳಗೆ ಬರೆದಿತ್ತು: ಯುರೋಪಿನ ತೋಟದ ಮನೆಯೊಂದರಿಂದ ಹಡಗಿನಲ್ಲಿ ಬಂದ, ಇನ್ನೂರು ವರ್ಷ ಹಳೆಯ ಮೇಜು.

ತಮ್ಮನ ಹೆಂಡತಿ ಅಂಗಡಿಯಲ್ಲಿ ಅದನ್ನು ಎರಡು ಸಲ ಜೋರಾಗಿ ಓದಿದಳು. ಆಮೇಲೆ ಪತ್ರಿಕೆ ಮಡಿಸಿಟ್ಟು, "ಅತ್ತಿಗೆ, ನಮ್ಮ ಅಂಗಡಿ ಯುರೋಪಲ್ಲಿದೆ ಅಂತ ನನಗ್ಯಾರೂ ಹೇಳ್ಲೇ ಇಲ್ಲ. ಗೊತ್ತಿದ್ರೆ ದಿನಾ ಕೋಟು ಹಾಕ್ಕೊಂಡು ಬರ್ತಿದ್ದೆ," ಎಂದಳು. ಪಾಲಿಶಕ್ಕ ನಗಲಿಲ್ಲ.

ಏಕೆಂದರೆ ಈ ಮೇಜು ಎಲ್ಲಿಂದಲೂ ಬಂದದ್ದಲ್ಲ. ಈಗಿನ ಒಡೆಯರು ಈ ಮನೆ ಕೊಂಡಾಗ ಮನೆಯ ಅಟ್ಟ ಕುಸಿದು ಬಿದ್ದಿತ್ತು. ಹಲಗೆಗಳನ್ನು ಸೌದೆಗೆಂದು ಅಂಗಳದಲ್ಲಿ ರಾಶಿ ಹಾಕಿದ್ದರು. ಅವುಗಳಲ್ಲಿ ಹನ್ನೊಂದನ್ನು ಆರಿಸಿ, ನೆರಳಿನಲ್ಲಿ ಒಣಗಿಸಿಟ್ಟು, ಮೊಳೆ ಕಿತ್ತ ತೂತುಗಳಿಗೆ ಅದೇ ಮರದ ಬೆಣೆ ಬಡಿದು, ನಾಲ್ಕೂವರೆ ತಿಂಗಳಲ್ಲಿ ಮೇಜು ಮಾಡಿದ್ದು ಅಕ್ಕ ತಮ್ಮ ಇಬ್ಬರೇ. ಈ ಮನೆಯ ಮರ ಈ ಮನೆಯಲ್ಲೇ ಉಳಿಯಿತು. ಅದಕ್ಕಿಂತ ಒಳ್ಳೆಯ ಕತೆ ಯಾವ ಹಡಗಿನಲ್ಲಿ ಬಂದೀತು? ಆದರೆ ಮನೆಯನ್ನು ಅಲಂಕರಿಸುವ ಗುತ್ತಿಗೆ ಹಿಡಿದಿದ್ದ ಡೆಕೊರೇಟರ್ ಮೇಡಂಗೆ ಅದು ಸಾಲಲಿಲ್ಲ. ಮನೆಯೊಡೆಯರಿಗೂ ಅವರು ಹೇಳಿರುವುದು ಹಡಗಿನ ಕತೆಯೇ.

ಅದೇ ಮೇಡಂ ಕುರ್ಚಿಗಳಿಗೆ ಬೇರೆ ಕೆಲಸಗಾರರನ್ನು ಕರೆಸಿದ್ದರು. ಅವರು ಹೊಸ ಕುರ್ಚಿಗೆ ಬಿಳಿ ಬಣ್ಣ ಬಳಿದು, ಹಳೆಯದಾಗಿ ಕಾಣಲೆಂದು ಅಲ್ಲಲ್ಲಿ ಉಜ್ಜಿ ತೆಗೆದರು. ಪಾಲಿಶಕ್ಕ ಒಂದನ್ನು ಎತ್ತಿ ತಿರುಗಿಸಿ ತೋರಿಸುತ್ತಾರೆ. ಸೀಟಿನ ಅಡಿ, ಬೆನ್ನುಪಟ್ಟಿಯ ಹಿಂದಿನ ಮೂಲೆ, ಕಾಲುಗಳ ಒಳಬದಿ ಎಲ್ಲ ಸವೆದಿದೆ. ಜನ ಎಳೆಯುವಾಗ ಹಿಡಿಯುವ ಮೇಲಂಚು ಮಾತ್ರ ಹೊಚ್ಚ ಹೊಸದು. "ಇಲ್ಲಿ ಯಾರ ಕೈ ಹೋಗುತ್ತೆ ಹೇಳಿ? ಬೆಕ್ಕಿನ ಕೈಯೂ ಹೋಗಲ್ಲ. ವಯಸ್ಸು ಅಂದ್ರೆ ಮುಖಕ್ಕೆ ಬಳಿಯೋ ಬಣ್ಣ ಅಂದ್ಕೊಂಡಿದಾರೆ."

ಎಂಟರ ಹೊತ್ತಿಗೆ ಮಂಜು ಕಣಿವೆಯಿಂದ ಮೇಲೆದ್ದು ಕಿಟಕಿಯನ್ನು ಮುಚ್ಚುತ್ತದೆ. ಇನ್ನು ಹತ್ತರ ತನಕ ಪಾಲಿಶ್ ಮುಟ್ಟುವಂತಿಲ್ಲ. ತಂದ ಬುತ್ತಿಯನ್ನು ಅಕ್ಕ ತಮ್ಮ ಜಗಲಿಯಲ್ಲಿ ಬಿಚ್ಚುತ್ತಾರೆ. ಇಂದು ಮೇಡಂ ಹೇಳಿ ಕಳಿಸಿರುವ ಕೆಲಸ ಉಂಗುರ ತೆಗೆಯುವುದೊಂದೇ ಅಲ್ಲ.

ತಂದೆಯಿಂದ ಬಂದ ಕ್ರಮವೊಂದು ಈ ಮನೆತನದಲ್ಲಿದೆ. ಯಾವ ಸಾಮಾನು ಕೈಗೆ ಬಂದರೂ, ಕಣ್ಣಿಗೆ ಬೀಳದ ಕಡೆ ಪೆನ್ಸಿಲಿನಲ್ಲಿ ಬರೆದಿಡುತ್ತಾರೆ: ತಾರೀಖು, ಯಾವ ಮರ, ಎಲ್ಲಿಂದ ಬಂತು, ಯಾವ ಅಂಟು, ಯಾವ ಸಂದು ಹೊಸದು. ಮಾಡಿದವರ ಹೆಸರು ಬರೆಯುವುದಿಲ್ಲ. ಡಾಕ್ಟರು ರೋಗಿಯ ಚೀಟಿ ಬರೆದ ಹಾಗೆ, ಮುಂದೆ ರಿಪೇರಿ ಮಾಡುವವನಿಗಾಗಿ. ಶಾಯಿ ಸ್ಪಿರಿಟ್ಟಿಗೆ ಕದಡುತ್ತದೆ, ಪೆನ್ಸಿಲ್ ಕದಡುವುದಿಲ್ಲ. ಮೇಜಿನ ಅಡಿಯಲ್ಲೂ ಹಾಗೆ ಐದು ಸಾಲುಗಳಿವೆ. ಎರಡನೆಯದು: ಇದೇ ಮನೆಯ ಅಟ್ಟದ ಹಲಗೆ, ಹನ್ನೊಂದು.

ಮೊದಲ ಪತ್ರಿಕೆಯ ಛಾಯಾಗ್ರಾಹಕ ದೀಪದ ವಯರು ಎಳೆಯಲು ಮೇಜಿನಡಿ ತೂರಿದಾಗ ಅದನ್ನು ಓದಿ, ಇದೇನೆಂದು ಮೇಡಂ ಬಳಿ ಕೇಳಿದ್ದನಂತೆ. ಈಗ ಅದಕ್ಕಿಂತ ದೊಡ್ಡ ಪತ್ರಿಕೆಯವರು ಭಾನುವಾರ ಬರಲಿದ್ದಾರೆ. ಅಷ್ಟರೊಳಗೆ ಆ ಬರಹವನ್ನು ಉಜ್ಜಿ ತೆಗೆಯಬೇಕು. ಇದೇ ಬೆಟ್ಟದಲ್ಲಿ ಇನ್ನೂ ಮೂರು ಮನೆಗಳ ಗುತ್ತಿಗೆ ಮೇಡಂ ಕೈಯಲ್ಲಿದೆ, ಅಂದರೆ ಅಂಗಡಿಗೆ ಎರಡು ವರ್ಷದ ಕೆಲಸ. ಅದು ಯಾರಿಗೆ ಹೋಗಬೇಕೆಂಬುದು ಈ ಐದು ಸಾಲಿನ ಮೇಲೆ ನಿಂತಿದೆ ಎಂಬುದನ್ನು ಅವರು ನಯವಾಗಿಯೇ ತಿಳಿಸಿದ್ದಾರೆ. ಸೌದೆಗೆ ಹೋಗುತ್ತಿದ್ದುದನ್ನು ಉಳಿಸಿದ ಕೈಯಿಂದಲೇ ಸಾಕ್ಷಿ ಅಳಿಸುವ ಕೆಲಸ ಮಾಡಿಸಲು ಎಂಥ ಎದೆ ಬೇಕು!

ಹತ್ತಕ್ಕೆ ಬಿಸಿಲು ಬರುತ್ತದೆ. ಪಾಲಿಶಕ್ಕ ಸ್ಪಿರಿಟ್ಟಿನಲ್ಲಿ ಹೆಸರಿಗಷ್ಟೇ ನೆನೆದ ಬಟ್ಟೆಯ ಉಂಡೆಯನ್ನು ಉಂಗುರದ ಮೇಲೆ ಗಾಳಿ ಬೀಸಿದ ಹಾಗೆ ಆಡಿಸುತ್ತಾರೆ. ಒಂದು ಚಣ ಹೆಚ್ಚು ನಿಂತರೆ ಪಾಲಿಶ್ಶೇ ಎದ್ದು ಬರುತ್ತದೆ. ಹನ್ನೆರಡನೆಯ ಸಲಕ್ಕೆ ತೇವ ಹಾರಿ, ಬಿಳುಪು ಕರಗಿ, ಕೆಳಗಿನ ಮರ ಕಣ್ಣು ಬಿಡುತ್ತದೆ. ಏಳು ತಗ್ಗುಗಳೂ ತುಂಬಿ ಮುಗಿಯುವಾಗ ಮಧ್ಯಾಹ್ನ.

ಆಮೇಲೆ ಮೇಜಿನಡಿ ಅಂಗಾತ ಮಲಗುತ್ತಾರೆ. ತಮ್ಮ ಟಾರ್ಚು ಹಿಡಿಯುತ್ತಾನೆ, ಇನ್ನೊಂದು ಕೈಯಲ್ಲಿ ಸ್ಯಾಂಡ್‌ಪೇಪರ್.

"ಅಕ್ಕಾ, ಎರಡು ನಿಮಿಷದ ಕೆಲಸ. ಎರಡು ವರ್ಷದ ಅನ್ನ," ಎನ್ನುತ್ತಾನೆ. ಒತ್ತಾಯವಲ್ಲ, ಲೆಕ್ಕ ಒಪ್ಪಿಸುವ ದನಿ.

"ಅಪ್ಪ ಬರೆದಿದ್ದನ್ನ ನೋಡ್ಕೊಂಡು ಎಷ್ಟು ಕುರ್ಚಿ ಬಿಚ್ಚಿದೀಯೋ ನೀನು?"

ತಮ್ಮ ಯೋಚಿಸುತ್ತಾನೆ. "ಲೆಕ್ಕ ಇಟ್ಟಿಲ್ಲ."

"ಅಪ್ಪ ಒಂದು ಕಡೆ ಸುಳ್ಳು ಬರೆದಿದ್ರೆ, ಇಲ್ಲಾ ಯಾರೋ ಹೇಳಿದ್ರು ಅಂತ ಅಳಿಸಿದ್ರೆ?"

ಅವನು ಸ್ಯಾಂಡ್‌ಪೇಪರನ್ನು ಚೀಲಕ್ಕೆ ಹಾಕಿ ಪೆನ್ಸಿಲ್ ಕೊಡುತ್ತಾನೆ. ಆಕೆ ಆರನೆಯ ಸಾಲು ಬರೆಯುತ್ತಾರೆ: ಇಂದಿನ ತಾರೀಖು, ಬಿಸಿ ಪಾತ್ರೆಯ ಕಲೆ ತೆಗೆದದ್ದು, ಏಳು ತಗ್ಗು ತುಂಬಿದ್ದು.

ಹೊರಗೆ ಬಂದು ಸೀರೆ ಕೊಡವಿಕೊಂಡು ಮೇಡಂಗೆ ಫೋನು ಮಾಡುತ್ತಾರೆ. ಉಂಗುರ ಹೋಯಿತು, ಬರಹ ಇದೆ, ಅಳಿಸುವುದು ನನ್ನ ಕೆಲಸವಲ್ಲ ಎಂದಷ್ಟೇ ಹೇಳುತ್ತಾರೆ. ಆ ಕಡೆಯ ಮಾತು ಉದ್ದವಾಗಿದೆ. ಬೇರೆಯವರನ್ನು ಕಳಿಸಿ ಅಳಿಸಬಲ್ಲೆ, ಮೂರು ಮನೆಗಳಿಗೂ ಬೇರೆಯವರನ್ನು ನೋಡಿಕೊಳ್ಳಬಲ್ಲೆ ಎಂಬುದು ಅದರ ಸಾರ. ಪಾಲಿಶಕ್ಕ ಕೊನೆಯ ತನಕ ಕೇಳುತ್ತಾರೆ. "ಆಗ್ಲಿ ಮೇಡಂ," ಎಂದು ಫೋನು ಇಡುತ್ತಾರೆ.

ಕೆಲಸ ಹೋಯಿತೆಂದು ಅವರಿಗೆ ಗೊತ್ತು. ಸಂಜೆ ಹೆಂಡತಿಗೆ ಹೇಗೆ ಹೇಳುವುದೆಂದು ತಮ್ಮ ಆಗಲೇ ಗೊಣಗಲು ಶುರುಮಾಡಿದ್ದಾನೆ. ಚೀಲ ಕಟ್ಟುವ ಮೊದಲು ಆಕೆ ಮೇಜಿನ ಮೇಲೆ ಒಮ್ಮೆ ಅಂಗೈ ಆಡಿಸುತ್ತಾರೆ. ಈ ಮೇಜಿನ ವಿಷಯದಲ್ಲಿ ಏನು ಆಸೆ ಎಂದು ಕೇಳಿದರೆ, ಆಸೆಯೇನೂ ಇಲ್ಲ ಎನ್ನುತ್ತಾರೆ. ಆಮೇಲೆ ಚೀಲದ ಬಾಯಿ ಬಿಗಿಯುತ್ತ ಸೇರಿಸುತ್ತಾರೆ:

"ಇನ್ನೂರು ವರ್ಷ ಬಾಳೋ ಹಾಗೇ ಮಾಡಿದೀನಿ. ಬಾಳಲಿ. ಆಗ ಬಂದು ಇದು ಇನ್ನೂರು ವರ್ಷದ್ದು ಅಂತ ಬರ್ಕೊಳ್ಳಲಿ, ನನ್ನದೇನೂ ತಕರಾರಿಲ್ಲ."